ಅತ್ತೆಗೆ ದಿನಕ್ಕೊಂದು ಕೊಲೆ

ನನ್ನ ಸೋದರತ್ತೆಗೆ ಮಧ್ಯಾಹ್ನ ಊಟವಾದ ಮೇಲೆ ಒಂದು ಕೊಲೆ ಆಗಲೇಬೇಕು. ಹೆದರಬೇಡಿ, ಟಿವಿಯಲ್ಲಿ! ಕಡಬದಲ್ಲಿ ಅಂಗಡಿ ಇಟ್ಟು ಮೂವತ್ತು ವರ್ಷದಿಂದ ರವಿಕೆ ಹೊಲಿಯುವ, ಜಿರಳೆ ಕಂಡರೆ ಮೇಜು ಹತ್ತುವ ಹೆಂಗಸು, ಯಾರದ್ದಾದರೂ ಕುತ್ತಿಗೆ ಕೊಯ್ಯುವಾಗ ಮಾತ್ರ ಮಿಷನ್ ನಿಲ್ಲಿಸಿ ಮುಂದೆ ಬಾಗುತ್ತಾರೆ.

"ರಕ್ತ ಕಮ್ಮಿ ಆಯ್ತು. ಅಷ್ಟು ದೊಡ್ಡ ಕತ್ತಿಗೆ ಇಷ್ಟೇ ರಕ್ತವಾ?"

ಗಿರಾಕಿಗಳಿಗೂ ಬಿಡುಗಡೆ ಇಲ್ಲ. ಒಮ್ಮೆ ಮದುಮಗಳೊಬ್ಬಳ ಕುತ್ತಿಗೆಗೆ ಟೇಪು ಸುತ್ತಿ ಹಿಡಿದುಕೊಂಡೇ, ಹಿಂದಿನ ದಿನದ ಕೊಲೆಗಾರ ಹಗ್ಗ ಬಿಗಿದದ್ದು ಹೇಗೆ ಎಂದು ವಿವರಿಸಿದ್ದರು. ರವಿಕೆ ಒಯ್ಯಲು ಆ ಹುಡುಗಿ ತಾಯಿಯನ್ನು ಕಳಿಸಿದಳು!

ಪುತ್ತೂರಿಗೆ ದೆವ್ವದ ಸಿನಿಮಾ ಬಂದರೆ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ. ಥಿಯೇಟರಿಗೆ ಥಿಯೇಟರೇ ಕಿರುಚುವಾಗ ಇವರು ನಗುತ್ತಾರೆ. ಇನ್ನೊಬ್ಬರು ಸಾಯುವುದನ್ನು ನೋಡುವುದರಲ್ಲಿ ಎಂಥಾ ಮಜಾ ಎಂದು ಕೇಳಿದರೆ ಉತ್ತರ ಇಷ್ಟೇ:

"ನಿನಗೆ ಗೊತ್ತಾಗುದಿಲ್ಲ. ಚಕ್ಕುಲಿ ತಿನ್ನು."

ಹೋದ ವರ್ಷ ಬಟ್ಟೆ ತರಲು ಇಬ್ಬರೂ ಉಪ್ಪಿನಂಗಡಿಗೆ ಹೊರಟಿದ್ದೆವು. ದಾರಿಯಲ್ಲಿ ಬಸ್ಸು ನಿಂತಿತು. ಬೈಕಿನಲ್ಲಿ ಹೋಗುತ್ತಿದ್ದ ನಡುವಯಸ್ಸಿನವರೊಬ್ಬರಿಗೆ ಯಾವುದೋ ವಾಹನ ಬಡಿದು ಹೋಗಿತ್ತು. ಅವರು ರಸ್ತೆಯಲ್ಲಿ ಬಿದ್ದಿದ್ದರು. ಸುತ್ತ ಜನ, ಜನರ ಕೈಯಲ್ಲಿ ಮೊಬೈಲು. ಬಸ್ಸಿನ ಕಿಟಕಿಗಳಿಂದಲೂ ಮೊಬೈಲುಗಳು ಹೊರಗೆ ಬಂದವು. ಅತ್ತೆ ಎದ್ದರು. ಇವರಿಗೆ ಇವತ್ತು ಹಬ್ಬ ಎಂದುಕೊಂಡೆ. ಈಗ ನಾಚಿಕೆಯಾಗುತ್ತದೆ.

ಅತ್ತೆ ಬಸ್ಸಿಳಿದು, ಜನರನ್ನು ಸರಿಸಿ ಟಾರಿನ ಮೇಲೇ ಕೂತು, ಬಿದ್ದವರ ತಲೆಯ ಗಾಯಕ್ಕೆ ಸೆರಗು ಒತ್ತಿ ಹಿಡಿದರು.

"ಎಂತ ನೋಡುದು ನೀವು? ಆಂಬುಲೆನ್ಸಿಗೆ ಫೋನ್ ಮಾಡಿ ಮಾರಾಯ್ರೆ!"

ಅಷ್ಟು ಮೊಬೈಲುಗಳಲ್ಲಿ ಒಂದರಿಂದಲೂ ಆವರೆಗೆ ಫೋನ್ ಹೋಗಿರಲಿಲ್ಲ. ನಾನು ಮಾಡಿದೆ. ಆ ಮನುಷ್ಯ ಬ್ಯಾರಿ ಭಾಷೆಯಲ್ಲಿ, ಮನೆಗೆ ತಿಳಿಸಿದಿರಾ ಎಂದು ಕೇಳುತ್ತಿದ್ದರು. ತಿಳಿಸಿದ್ದೇವೆ, ಎಲ್ಲರೂ ಬರುತ್ತಾ ಇದ್ದಾರೆ ಎಂದು ಅತ್ತೆ ಅವರ ಭಾಷೆಯಲ್ಲೇ ಸುಳ್ಳು ಹೇಳಿದರು. ಒಂದಲ್ಲ, ಹತ್ತು ಸಲ. ಆಂಬುಲೆನ್ಸ್ ಬರುವ ಮೊದಲೇ ಆ ಮನುಷ್ಯನ ಜೀವ ಹೋಯಿತು.

ಮೂರು ದಿನ ಅತ್ತೆಯ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ಹೋಗಿ ನೋಡುತ್ತೇನೆ, ಟಿವಿಯಲ್ಲಿ ಒಬ್ಬನನ್ನು ಇರಿಯುತ್ತಿದ್ದಾರೆ, ಅತ್ತೆ ನೋಡುತ್ತಿದ್ದಾರೆ! ನನಗೆ ಸಿಟ್ಟು ಬಂತು.

"ಅಷ್ಟೆಲ್ಲ ಆದ ಮೇಲೂ ನಿಮಗೆ ಇದು ಬೇಕಾ ಅತ್ತೆ?"

ಅವರು ಟಿವಿಯತ್ತ ಬೆರಳು ತೋರಿಸಿದರು.

"ಇವನು ಈಗ ಏಳ್ತಾನೆ ಮಾರಾಯ. ಬಣ್ಣ ತೊಳ್ಕೊಂಡು, ಬೇರೆ ಅಂಗಿ ಹಾಕ್ಕೊಂಡು ಮನೆಗೆ ಹೋಗ್ತಾನೆ. ಹೆಂಡತಿ ಅನ್ನ ಬಡಿಸ್ತಾಳೆ. ಅದಕ್ಕೇ ನೋಡುದು ನಾನು."

ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಅವರ ಬೆರಳುಗಳನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತೆ.