ತಲೆಗೆ ನೀರು ಬಿದ್ದ ದಿನ

ಎಲ್ಲ ತಪ್ಪೂ ಟರ್ಕಿಕೋಳಿಯದು. ಬೆಳಿಗ್ಗೆ ಸೆಂತೆವಾ ಮೆಕ್ಕೆಜೋಳ ಚೆಲ್ಲುವಾಗ ಅದು ಬೇಲಿ ಹಾರಿತು. ಕಾಲುವೆಯಲ್ಲಿ ಹೋಗುತ್ತಿದ್ದ ಯಾರದೋ ದೋಣಿಯ ಮೇಲೆ ಕೂತು, ಪೇಟೆಗೆ ಹೊರಟ ಯಜಮಾನನ ಹಾಗೆ ಕತ್ತೆತ್ತಿತು. ಸೆಂತೆವಾ ಬಗ್ಗಿ ಅದರ ಕಾಲಿಗೆ ಕೈಹಾಕಿದಳು. ಕೋಳಿ ದೋಣಿಯಲ್ಲೇ ಉಳಿಯಿತು. ಸೆಂತೆವಾ ತಲೆಕೆಳಗಾಗಿ ನೀರಿಗೆ ಬಿದ್ದಳು.

ಬೇರೆ ಕೇರಿಯ ಹೆಂಗಸಾಗಿದ್ದರೆ ನಕ್ಕು ಬಟ್ಟೆ ಹಿಂಡಿಕೊಳ್ಳುತ್ತಿದ್ದಳು. ಇದು ಸರೋವರದ ನಡುವಿನ ತ್ಲಾತೆಲೋಲ್ಕೊ ಪಟ್ಟಣದ ವರ್ತಕರ ಕೇರಿ. ಇಲ್ಲಿ ಗಂಡ ವ್ಯಾಪಾರಕ್ಕೆ ದೂರ ಹೋದರೆ, ಅವನು ಮರಳುವ ತನಕ ಹೆಂಡತಿಗೆ ಕತ್ತಿನ ಕೆಳಗೆ ಮಾತ್ರ ಸ್ನಾನ. ಗೊತ್ತುಪಡಿಸಿದ ದಿನ ಬಿಟ್ಟು ತಲೆಗೆ ನೀರು ಸೋಕಿದರೆ ಅಲ್ಲಿ ದಾರಿಯಲ್ಲಿ ಅವನ ಕಾಲು ಜಾರುತ್ತದೆ. ಸೆಂತೆವಾಳ ಗಂಡ ಮಸಾತ್ಲ ವ್ಯಾಪಾರಕ್ಕೆಂದು ಕಡಲ ಕಡೆಗೆ ಹೋಗಿ ಎರಡು ಮಳೆಗಾಲ ಕಳೆದಿದ್ದವು. ಸೆಂತೆವಾಳ ಕೂದಲು ಪಾತ್ರೆ ತಿಕ್ಕುವ ನಾರಿನಂತಾಗಿತ್ತು. ತಲೆ ತುರಿಸಿದಾಗಲೆಲ್ಲ ಅವನ ನೆನಪಾಗುತ್ತಿತ್ತು. ತಲೆ ದಿನವಿಡೀ ತುರಿಸುತ್ತಿತ್ತು.

ಮೇಲೆ ಹತ್ತುವಾಗ ದಂಡೆಯ ಮೇಲೆ ಎರಡು ಪಾದಗಳು ಕಂಡವು. ಪಕ್ಕದ ಮನೆಯ ಪಾಪಾನ್.

"ತಲೆ ತೊಳ್ಕೊಂಡ್ಯಾ?"

"ಬಿದ್ದೆ ಅಕ್ಕ."

"ಬಿದ್ದವರ ತಲೆ ಇಷ್ಟು ಮಿಂಚುತ್ತಾ? ಅವನು ಅಲ್ಲಿ ಮೂಟೆ ಹೊತ್ತು ಬೆಟ್ಟ ಹತ್ತುತಿರ್ತಾನೆ, ನೀನಿಲ್ಲಿ ಸಿಂಗಾರ ಮಾಡ್ಕೋ. ಇರು, ಹಿರಿಯರಿಗೆ ಹೇಳ್ತೀನಿ."

ಪಾಪಾನ್ ಹೇಳಿದರೆ ಮುಗಿಯಿತು. ಇನ್ನು ಮುಂದೆ ಮಸಾತ್ಲನ ಕಾಲಿಗೆ ಮುಳ್ಳು ಚುಚ್ಚಿದರೂ ಅದು ಸೆಂತೆವಾಳ ತಲೆಯಿಂದಲೇ. ಹೆದರಿಕೆಯಲ್ಲಿ ಅವಳ ಬಾಯಿಗೆ ಬಂದದ್ದು ಒಂದೇ ಮಾತು.

"ಅವರು ಬಂದಿದಾರೆ."

ಹೇಳಿ ಅವಳೇ ಬೆಚ್ಚಿದಳು. ಹಸಿ ಸುಳ್ಳು. ಆದರೂ ಬಾಯಿಗೆ ಎಷ್ಟು ಹಿತವಾಗಿತ್ತೆಂದರೆ ಇನ್ನೊಮ್ಮೆ ಹೇಳಿದಳು. "ಬಂದಿದಾರೆ ಅಕ್ಕ."

ಪಾಪಾನ್ ತಟ್ಟನೆ ಅವಳ ಬಾಯಿ ಮುಚ್ಚಿದಳು. "ಮೆತ್ತಗೆ ಮಾತಾಡೇ. ಬಂದವರನ್ನ ಬಂದ್ರು ಅಂತ ಯಾರಾದ್ರೂ ಹೇಳ್ತಾರಾ? ತಂದ ಸರಕಿನ ಮೇಲೆ ಊರ ಕಣ್ಣು ಬೀಳಲ್ವಾ? ಸರಕಿನ ಜೊತೆ ಗುಟ್ಟಾಗಿ ನಿನ್ನ ತೊಚ್ಚಿನ್ ಮಾವನ ಮನೇಲಿ ಇಳ್ಕೊಂಡಿದಾನೆ ತಾನೆ? ಬೇಡ, ಹೇಳ್ಬೇಡ. ಯಾರು ಕೇಳಿದ್ರೂ ಬಂದಿಲ್ಲ ಅನ್ನು. ನಾವೆಲ್ಲ ಹಂಗೇ ಅಲ್ವಾ ಹೇಳೋದು."

ಪಾಪಾನ್‌ಗೆ ಗುಟ್ಟೆಂದರೆ ಹಬೆಯಿಂದ ತೆಗೆದ ಜೋಳದ ಕಡುಬು. ಕೈ ಸುಡುವ ಮೊದಲು ಇನ್ನೊಬ್ಬರ ಕೈಗೆ ದಾಟಿಸಲೇಬೇಕು. ಸೆಂತೆವಾ ಕೂದಲು ಆರಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಎದುರು ಮನೆಯ ಅಂಗಳದಲ್ಲಿ ತೀಕೂ ತಲೆ ತೊಳೆಯುವ ನೊರೆಬೇರು ಜಜ್ಜುತ್ತ ಕೂತಿದ್ದಳು. ತೀಕೂವಿನ ಗಂಡ ಮಸಾತ್ಲನ ಗುಂಪಿನಲ್ಲೇ ಹೋದವನು.

ಸೆಂತೆವಾ ಅಲ್ಲಿಗೆ ಓಡಿದಳು. "ತೀಕೂ, ತಲೆಗೆ ನೀರು ಹಾಕ್ಬೇಡ. ಅವರು ಬಂದಿಲ್ಲ."

ತೀಕೂ ಕಣ್ಣು ಮಿಟುಕಿಸಿದಳು. "ಹೌದೌದು, ಬಂದಿಲ್ಲ."

"ನಿಜ ಕಣೇ. ನಾನು ಸುಳ್ಳು ಹೇಳಿದ್ದು."

"ಎಷ್ಟು ಚೆನ್ನಾಗಿ ಹೇಳ್ತೀಯೇ. ನಂಗಾದ್ರೆ ನಗು ಬಂದ್ಬಿಡ್ತಿತ್ತು."

ಸೆಂತೆವಾ ನೆಲದ ಮಣ್ಣು ಮುಟ್ಟಿ ನಾಲಿಗೆಗೆ ಹಚ್ಚಿ ಆಣೆಯಿಟ್ಟಳು. ತೀಕೂ ತಲೆಯಾಡಿಸಿದಳು. "ಹೋದ್ಸಲ ನಮ್ಮತ್ತೆ ಹಿಡಿ ಮಣ್ಣು ತಿಂದಿದ್ರು. ಮಾವ ಒಳಗೆ ಕೂತು ಚಾಕ್ಲೇಟು ಕುಡೀತಿದ್ರು." ಹೇಳುತ್ತಲೇ ಚೊಂಬೆತ್ತಿ ತಲೆಯ ಮೇಲೆ ಸುರಿದುಕೊಂಡಳು. ನೀರು ಇಳಿಯುವಾಗ ಅವಳು ಕಣ್ಣು ಮುಚ್ಚಿಕೊಂಡ ರೀತಿ ನೋಡಿ ಸೆಂತೆವಾ ಹಿಂದೆ ಸರಿದಳು.

ಮಧ್ಯಾಹ್ನದ ಹೊತ್ತಿಗೆ ಆ ಗುಂಪಿನ ಒಂದು ಮನೆಯೂ ಬಿಡದೆ ತಲೆಸ್ನಾನ ಮುಗಿದಿತ್ತು. ಇನ್ನು ಯಾರ ಗಂಡನ ಕಾಲು ಜಾರಿದರೂ ಲೆಕ್ಕ ಸೆಂತೆವಾಳಿಗೇ. ನಿಜವನ್ನು ಎಲ್ಲರೂ ನಂಬುವಂತೆ ಹೇಳಬಲ್ಲವನು ಒಬ್ಬನೇ, ಗಂಡನ ಚಿಕ್ಕಪ್ಪ ತೊಚ್ಚಿನ್. ಅಲ್ಲಿಗೆ ಹೋದರೆ ಕೇರಿಯ ಹೆಂಗಸರೆಲ್ಲ ಆಗಲೇ ಬಾಗಿಲಲ್ಲಿದ್ದರು. ಒಬ್ಬಳಿಗೆ ಉಪ್ಪು ಬೇಕಿತ್ತು, ಒಬ್ಬಳಿಗೆ ಮೆಣಸಿನಕಾಯಿ. ಪಾಪಾನ್ ತನ್ನ ಮನೆಯಲ್ಲೇ ಮಲಗಿದ್ದ ನಾಯಿಯನ್ನು ಹುಡುಕಿಕೊಂಡು ಬಂದಿದ್ದಳು.

"ಯಾರೂ ಬಂದಿಲ್ಲ," ಎಂದ ಮುದುಕ.

"ಬಂದಿಲ್ಲ, ಬಂದಿಲ್ಲ," ಎಂದು ಎಲ್ಲರೂ ಭಕ್ತಿಯಿಂದ ಒಪ್ಪಿದರು.

ತೊಚ್ಚಿನ್‌ಗೆ ರೇಗಿತು. ಬಾಗಿಲ ಚಾಪೆಯನ್ನು ಸರಕ್ಕನೆ ಸರಿಸಿದ. "ನೋಡ್ರಮ್ಮ ಒಳಗೆ. ಕಣ್ಣಾರೆ ನೋಡಿ ಹೋಗಿ."

ಹೆಂಗಸರೆಲ್ಲ ಒಟ್ಟಿಗೆ ಮುಖ ತಿರುಗಿಸಿದರು. "ಅಯ್ಯೋ, ನಾವ್ಯಾಕೆ ನೋಡೋಣ ಅಣ್ಣ," ಎಂದಳು ಪಾಪಾನ್. "ನಮಗೆ ಅಷ್ಟೂ ಗೊತ್ತಾಗಲ್ವಾ?" ಒದ್ದೆ ತಲೆಗಳ ಮೆರವಣಿಗೆ ನಗುತ್ತ ಕಾಲುವೆಯುದ್ದಕ್ಕೂ ಹೊರಟುಹೋಯಿತು.

ಸೆಂತೆವಾ ಉಳಿದಳು. ಕೋಳಿ, ಕಾಲುವೆ, ಪಾಪಾನ್, ಎಲ್ಲವನ್ನೂ ಹೇಳಿದಳು. "ಬೈದುಬಿಡಿ ಮಾವ."

ಮುದುಕ ಬೈಯಲಿಲ್ಲ. ನೆಲ ನೋಡುತ್ತ ಮೆತ್ತಗೆ, "ಮನೆಗೆ ಹೋಗಮ್ಮ. ಅವನು ಬಂದಿಲ್ಲ," ಎಂದ.

ಸೆಂತೆವಾ ಹೊರಟವಳು ನಿಂತಳು. ಈ ಕೇರಿಯಲ್ಲಿ ಗುಟ್ಟು ಮುಚ್ಚಿಡುವವರು ಹೀಗೇ ಹೇಳುವುದು, ನೆಲ ನೋಡುತ್ತ, ಮೆತ್ತಗೆ.

"ನಿಜವಾಗ್ಲೂ ಬಂದಿಲ್ವಾ ಮಾವ?"

"ಬಂದಿಲ್ಲ ಕಣಮ್ಮ."

ಸುಳ್ಳು ಅವಳದೇ. ಅದು ಹುಟ್ಟಿದ ಜಾಗ, ಹುಟ್ಟಿದ ಗಳಿಗೆ ಎರಡೂ ಅವಳಿಗೆ ಗೊತ್ತಿತ್ತು. ಬಾಗಿಲ ಚಾಪೆ ಇನ್ನೂ ಸರಿದೇ ಇತ್ತು. ಎರಡು ಹೆಜ್ಜೆ ಮುಂದೆ ಹೋಗಿ ಇಣುಕಿದ್ದರೆ ಸಾಕಿತ್ತು.

ಸೆಂತೆವಾ ಮುಖ ತಿರುಗಿಸಿಕೊಂಡು ಮನೆಗೆ ನಡೆದಳು.