ತೊಂಬತ್ತಾರು ಕುಂಡಗಳಿಗೆ ಬಾಡಿಗೆ ಜಾಗ

ಬಾಡಿಗೆ ಮನೆ ಹುಡುಕೋ ಕಷ್ಟ ಎಲ್ಲರಿಗೂ ಗೊತ್ತು. ಗಿಡಗಳಿಗೆ ಬಾಡಿಗೆ ಜಾಗ ಹುಡುಕಿದರೆ ಏನೇನಾಗುತ್ತೆ ಅಂತ ಹೇಳೋರು ಕಡಿಮೆ, ಯಾಕಂದ್ರೆ ತಲೆ ನೆಟ್ಟಗಿರೋರು ಆ ಕೆಲಸಕ್ಕೆ ಕೈ ಹಾಕಲ್ಲ. ನಾನು ಹಾಕಿದೆ. ಅಲ್ಲಿಂದ ಒಂದಾದ ಮೇಲೊಂದು ನಡೀತಾನೇ ಹೋಯ್ತು.

ನಾನು ಗೌರಿಬಿದನೂರಿನಲ್ಲಿ ಹೈಸ್ಕೂಲ್ ಗಣಿತದ ಟೀಚರು. ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ ತೊಂಬತ್ತಾರು ಕುಂಡ ಇದ್ದವು. ದಾಸವಾಳ, ಕ್ರೋಟನ್, ಆಂಥೂರಿಯಂ, ಮೂರು ಬಣ್ಣದ ಕಣಗಿಲೆ, ಎಲ್ಲ ಹನ್ನೊಂದು ವರ್ಷದಿಂದ ಒಂದೊಂದಾಗಿ ಸಾಕಿದ್ದು. ಕುಂಡದ ನೀರು ಇಳಿದಿಳಿದು ಕೆಳಗಿನ ಮನೆ ಸೂರು ಒದ್ದೆಯಾಯ್ತು. ಓನರ್ ಮೇಲೆ ಬಂದು, “ಮೇಡಂ, ತಿಂಗಳ ಕೊನೆಗೆ ತಾರಸಿ ರಿಪೇರಿ. ಅಷ್ಟರೊಳಗೆ ಇವನ್ನೆಲ್ಲ ಎತ್ತಿಬಿಡಿ. ಇಲ್ಲಾಂದ್ರೆ ಕಸದ ಟ್ರ್ಯಾಕ್ಟರಿಗೆ ಹಾಕಿಸ್ತೀನಿ, ಬೇಜಾರ್ ಮಾಡ್ಕೋಬೇಡಿ” ಅಂದರು. ನನಗೆ ಎರಡು ದಿನ ಅನ್ನ ಸೇರಲಿಲ್ಲ. ನಮ್ಮೆಜಮಾನರು ಮಾತ್ರ ನೆಮ್ಮದಿಯಾಗಿ ಉಣ್ತಾ, “ಹೋಗ್ಲಿ ಬಿಡೇ, ನಿನ್ನ ಸೊಂಟಕ್ಕೂ ಒಳ್ಳೇದು” ಅಂದರು. ಅವತ್ತು ಅವರಿಗೆ ಮಜ್ಜಿಗೆ ಸಿಗಲಿಲ್ಲ.

೧. ಸಸ್ಯಾಹಾರಿಗಳು ಮಾತ್ರ

ಮಂಚೇನಹಳ್ಳಿ ರಸ್ತೇಲಿ ಒಬ್ಬ ನಿವೃತ್ತ ಗುಮಾಸ್ತರ ಸೈಟಿನಲ್ಲಿ ಹಸಿರು ಬಲೆ ಕಟ್ಟಿದ ಚಪ್ಪರ ಖಾಲಿ ಇದೆ ಅಂತ ಮನೆ ಬ್ರೋಕರ್ ಕರ್ಕೊಂಡು ಹೋದ. ಗುಮಾಸ್ತರು ಕನ್ನಡಕ ಏರಿಸಿಕೊಂಡು ಕೂತರು. ಜೀವಮಾನವೆಲ್ಲ ಮನೆ ಬಾಡಿಗೆಗೆ ಕೊಟ್ಟೋರು, ಬೇರೆ ಪ್ರಶ್ನೆ ಅವರಿಗೆ ಬರ್ತಿರಲಿಲ್ಲ.

“ಎಷ್ಟು ಜನ?”

“ಜನ ಅಲ್ಲ ಸಾರ್, ಗಿಡ. ತೊಂಬತ್ತಾರು.”

“ದೊಡ್ಡ ಸಂಸಾರ. ನೀರು ಜಾಸ್ತಿ ಖರ್ಚಾಗುತ್ತೆ. ನೆಂಟರಿಷ್ಟರು ಬಂದು ಹೋಗೋದು ಇದೆಯಾ?”

“ಜೇನುಹುಳ ಬರುತ್ತೆ ಸಾರ್, ಅಷ್ಟೆ.”

“ಸಸ್ಯಾಹಾರಿಗಳು ತಾನೇ?”

ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಸುಳ್ಳು ಹೇಳೋಕೆ ನನಗೆ ಬರಲ್ಲ. “ಎರಡು ತಿಂಗಳಿಗೊಂದು ಸಲ ಮೂಳೆಪುಡಿ ಹಾಕ್ತೀನಿ. ಆಗಾಗ ಮೀನಿನ ಗೊಬ್ಬರ” ಅಂದೆ. ಅವರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಕಮಿಷನ್ ಕೈ ತಪ್ಪುತ್ತೆ ಅಂತ ಬ್ರೋಕರ್ ಅಡ್ಡ ಬಂದು, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ಟೀಚರ್ ಮನೆ ಗಿಡಗಳು, ಗಲಾಟೆ ಮಾಡಲ್ಲ” ಅಂದ.

ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ ಮನಸ್ಸು ದೊಡ್ಡದು ಮಾಡಿ, “ಆಯ್ತಮ್ಮ, ಇರಲಿ. ಆದ್ರೆ ಆ ಮೂಳೆ ಮೀನು ಎಲ್ಲ ಹೊರಗಡೆ ತಿನ್ಕೊಂಡು ಬರಲಿ” ಅಂದರು.

೨. ಹೆಣ್ಣು ನೋಡೋ ಶಾಸ್ತ್ರ

ಹೊರಗಡೆ ಹೋಗಿ ಉಂಡು ಬರೋ ಗಿಡ ನನ್ನ ಹತ್ತಿರ ಇರಲಿಲ್ಲ, ಆ ಚಪ್ಪರ ಕೈಬಿಟ್ಟೆ. ಚಿಕ್ಕಬಳ್ಳಾಪುರದ ಕಡೆ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್‌ನಲ್ಲಿ ಕ್ಯಾಪ್ಸಿಕಂ ಬೆಳೆಯೋ ಒಬ್ಬ ರೈತ ಒಂದು ಮೂಲೆ ಕೊಡ್ತೀನಿ ಅಂದಿದ್ದ, ಮೊದಲು ಒಂದು ಗಿಡ ತಂದು ತೋರಿಸಿ ಅಂತ. ಇರೋದರಲ್ಲಿ ಚೆಂದದ ದಾಸವಾಳ ಆರಿಸಿ, ಎಲೆ ಒರೆಸಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಅವನು ಒಂದೊಂದೇ ಎಲೆ ಮಗುಚಿ ನೋಡಿದ. ಜೇಬಿಂದ ಭೂತಕನ್ನಡಿ ತೆಗೆದ. ನನ್ನನ್ನು ನೋಡೋಕೆ ಬಂದಾಗ ನಮ್ಮತ್ತೆ ಕೂಡ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

“ಬಿಳಿನೊಣ ಇದೆ ಮೇಡಂ. ಇದು ಒಳಗೆ ಹೋದ್ರೆ ಒಂದು ವಾರದಲ್ಲಿ ನನ್ನ ಬೆಳೆಯೆಲ್ಲ ಹಾಳು. ಆಗಲ್ಲ.”

ನನಗೆ ಅವಮಾನ ಆಯ್ತು. ಕುಂಡ ಎತ್ತಿಕೊಂಡು ಗೇಟಿನವರೆಗೆ ಬಂದಿದ್ದೆ, ಅವನು ಹಿಂದೆಯೇ ಓಡಿ ಬಂದ. ಅವನಿಗೇನೋ ಹೊಳೆದಿತ್ತು.

“ಮೇಡಂ, ಬೇಲಿ ಆಚೆ ಇರೋ ಪಾಲಿಹೌಸ್ ನಮ್ಮ ದಾಯಾದಿದು. ಅಲ್ಲಿ ಜಾಗ ಜಾಸ್ತಿ ಇದೆ, ಕೇಳಿ ನೋಡಿ. ನಾನು ಕಳಿಸಿದೆ ಅಂತ ಮಾತ್ರ ಹೇಳ್ಬೇಡಿ.” ಆಮೇಲೆ ದನಿ ತಗ್ಗಿಸಿ, “ಇದಕ್ಕಿಂತ ಜಾಸ್ತಿ ಹುಳ ಇರೋ ಗಿಡ ಮನೇಲಿ ಇದ್ರೆ, ಮೊದಲು ಅದನ್ನ ತಂದಿಡಿ” ಅಂದ.

೩. ಒಳ್ಳೇ ಬಾಡಿಗೆದಾರ

ಶಿಡ್ಲಘಟ್ಟದ ಹತ್ತಿರ ಒಂದು ಮನೆಯವರು ರೇಷ್ಮೆ ಹುಳ ಸಾಕೋ ಎರಡು ಮನೆಗಳಲ್ಲಿ ಒಂದು ಖಾಲಿ ಇತ್ತು. ಬಾಗಿಲಲ್ಲೇ ಮನೆಯಾಕೆ ನಮ್ಮೆಜಮಾನರನ್ನು ಮೂಸಿ, “ಪೌಡರ್ ಹಾಕಿದಾರೆ. ಇವರು ಆಚೆ ಇರ್ಲಿ, ಹುಳಕ್ಕೆ ಆಗಲ್ಲ” ಅಂದರು. ಯಜಮಾನರು ಒಂದು ಗಂಟೆ ಹುಣಸೆಮರದ ಕೆಳಗೆ ನಿಂತರು. ಒಳಗೆ ಎಲ್ಲ ಚೆನ್ನಾಗಿತ್ತು. ಹುಳ ಬರದ ಹಾಗೆ ಗಿಡಕ್ಕೆ ಬೇವಿನೆಣ್ಣೆ ಹೊಡೀತೀನಿ ಅಂದಿದ್ದೇ ತಡ, ನನ್ನನ್ನೂ ಹುಣಸೆಮರದ ಕೆಳಕ್ಕೆ ಕಳಿಸಿದರು.

ಆ ಇನ್ನೊಂದು ಮನೆಯ ರೇಷ್ಮೆ ಹುಳಗಳಿಗೆ ಹೊತ್ತು ಹೊತ್ತಿಗೆ ಸೊಪ್ಪು, ಹದವಾದ ಗಾಳಿ, ಜೋರಾಗಿ ಮಾತಾಡೋರೂ ಇಲ್ಲ ಅಂತ ದಾರೀಲಿ ವರ್ಣಿಸಿದೆ. ಯಜಮಾನರು ಎಲ್ಲ ಕೇಳಿಸಿಕೊಂಡು, “ಗಿಡ ಬಿಡು, ನನಗೇ ಅಲ್ಲೊಂದು ಜಾಗ ಕೇಳ್ಬೇಕಿತ್ತು” ಅಂದರು.

೪. ಒಬ್ಬರಿಗೆ ಒಂದೇ

ಕೊನೆಗೆ ಕೈ ಹಿಡಿದೋನು ನನ್ನ ಹಳೇ ಶಿಷ್ಯ, ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದೋನು. ಈಗ ನಮ್ಮೂರಲ್ಲೇ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್. “ಆಷಾಢ ಅಲ್ವಾ ಮೇಡಂ, ಒಂದು ತಿಂಗಳು ಇಲ್ಲಿಗೆ ಬೆಕ್ಕೂ ಬರಲ್ಲ. ತಂದಿಡಿ, ಬಾಡಿಗೆಗೀಡಿಗೆ ಏನೂ ಬೇಡ” ಅಂದ. ನನಗೆ ಕಣ್ಣಲ್ಲಿ ನೀರು ಬಂತು. ಡುಮ್ಕಿ ಹೊಡೆಸಿದ್ದಕ್ಕೆ ಪಶ್ಚಾತ್ತಾಪವೂ ಆಯ್ತು.

ತಿಂಗಳು ಮುಗೀತು. ತಾರಸಿ ರಿಪೇರಿ ಆಯ್ತು, ಆದರೆ ಓನರ್ ಗಿಡ ಮತ್ತೆ ಮೇಲೆ ಹತ್ತಿಸೋಕೆ ಬಿಡಲಿಲ್ಲ. ಶ್ರಾವಣದ ಮೊದಲ ಮದುವೆ ಹತ್ತಿರ ಬಂತು. ಶಿಷ್ಯ, “ಇನ್ನೊಂದು ವಾರ ಇರ್ಲಿ ಬಿಡಿ. ಗೇಟಿನ ಪಕ್ಕ ಸಾಲಾಗಿ ಜೋಡಿಸ್ತೀನಿ, ಮದುವೆಗೂ ಕಳೆ” ಅಂದ. ಅವನು ಜೋಡಿಸಿದ್ದು ಸರಿಯಾಗಿ ತಾಂಬೂಲದ ಟೇಬಲ್ಲಿನ ಪಕ್ಕ.

ಈಗಿನ ಮದುವೆಗಳಲ್ಲಿ ತೆಂಗಿನಕಾಯಿ ಬದಲು ಗಿಡ ಕೊಡೋ ಪದ್ಧತಿ ಬಂದಿದೆಯಲ್ಲ. ಊಟ ಮುಗಿಸಿ ಹೊರಟ ಯಾರೋ ಒಬ್ಬ ಅಜ್ಜಿ ಒಂದು ಕುಂಡ ಎತ್ತಿಕೊಂಡರಂತೆ. ಅವರನ್ನು ನೋಡಿ ಹಿಂದಿನವರು, ಅವರನ್ನು ನೋಡಿ ಅವರ ಹಿಂದಿನವರು. ಹೆಣ್ಣಿನ ಕಡೆಯೋರು ಇದು ಗಂಡಿನ ಕಡೆಯೋರ ಏರ್ಪಾಡು ಅಂದ್ಕೊಂಡರು, ಗಂಡಿನ ಕಡೆಯೋರು ಹೆಣ್ಣಿನ ಕಡೆಯೋರದು ಅಂದ್ಕೊಂಡರು. ಮದುವೆ ಹುಡುಗಿಯ ಅಪ್ಪನ ಕೈ ಕುಲುಕಿ, “ಎಂಥ ಒಳ್ಳೆ ಯೋಚನೆ ಸ್ವಾಮಿ” ಅಂತ ನಾಲ್ಕು ಜನ ಹೊಗಳಿದ ಮೇಲೆ, ಅವರೂ “ಏನೋ, ಪರಿಸರಕ್ಕೆ ನಮ್ಮ ಅಳಿಲು ಸೇವೆ” ಅನ್ನೋಕೆ ಶುರು ಮಾಡಿದ್ದರು.

ಅವತ್ತು ಶನಿವಾರ, ಅರ್ಧ ದಿನದ ಸ್ಕೂಲು. ಗಿಡಕ್ಕೆ ನೀರು ಹಾಕೋಣ ಅಂತ ನಾನು ಹೋಗೋ ಹೊತ್ತಿಗೆ ಚಿಂತಾಮಣಿಗೆ ಹೋಗೋ ಬೀಗರ ಬಸ್ಸು ಹೊರಟಿತ್ತು. ಕಿಟಕಿ ಕಿಟಕೀಲೂ ನನ್ನ ಕ್ರೋಟನ್. “ಚೆಟ್ಟು ಬಾಗುಂದಿ” ಅಂತ ತೆಲುಗಲ್ಲಿ ಗಿಡ ಹೊಗಳ್ತಾ ಒಬ್ಬರು ನನ್ನ ಆಂಥೂರಿಯಂ ಆಟೋಗೆ ಹತ್ತಿಸ್ತಿದ್ದರು. ಮ್ಯಾನೇಜರ್ ಊಟದ ಹಾಲಿನಲ್ಲಿ ಅಡುಗೆಯವರ ಜೊತೆ ಪಾತ್ರೆ ಲೆಕ್ಕದ ಜಗಳದಲ್ಲಿದ್ದ, ಅವನಿಗೆ ಏನೂ ಗೊತ್ತಿಲ್ಲ.

ಕೇಳೋಣ ಅಂದ್ರೆ, ಅರಿಶಿನ ಕುಂಕುಮದ ಜೊತೆ ಕೈಗೆ ಹೋಗಿದ್ದನ್ನ ವಾಪಸ್ ಕೊಡಿ ಅಂತ ಮದುವೆ ಮನೆ ಬಾಗಿಲಲ್ಲಿ ಯಾವ ಬಾಯಲ್ಲಿ ಕೇಳೋದು? ಅಳು ತಡ್ಕೊಂಡು ಗೇಟಿನ ಹತ್ತಿರ ನಿಂತೆ. ಹುಡುಗಿಯ ದೊಡ್ಡಮ್ಮ ಅಲ್ಲಿ ಕುಂಕುಮದ ಬಟ್ಟಲು ಹಿಡಿದು, “ಒಬ್ಬರಿಗೆ ಒಂದೇ, ಒಬ್ಬರಿಗೆ ಒಂದೇ” ಅಂತ ಗದರಿಸ್ತಾ ಎಲ್ಲ ಸುಧಾರಿಸ್ತಿದ್ದರು. ನನ್ನನ್ನು ನೋಡಿದ್ದೇ ಕರೆದು ಹಣೆಗೆ ಕುಂಕುಮ ಇಟ್ಟರು. ಟೇಬಲ್ಲಿನ ಹಿಂದೆ ಉಳಿದಿದ್ದ ನನ್ನ ಕೊನೇ ಕಣಗಿಲೆ ಕುಂಡ ತಂದು ಕೈಗಿಟ್ಟರು.

“ತಗೊಳಮ್ಮ, ನಿನ್ನ ಪುಣ್ಯ, ಇದೊಂದು ಉಳಿದಿತ್ತು. ಗಿಡ ಸಾಕೋದು ಅಂದ್ರೆ ಹುಡುಗಾಟ ಅಲ್ಲ, ದಿನಾ ನೀರು ಹಾಕ್ಬೇಕು.” ಅಷ್ಟು ಹೇಳಿ, ನನ್ನ ಮುಖ ನೋಡಿ ಏನೋ ಅನುಮಾನ ಬಂದು ಕೇಳಿದರು, “ಮನೇಲಿ ಇಡೋಕೆ ಜಾಗ ಇದೆ ತಾನೇ?”