ಮೈನಸ್ ಹದಿನೆಂಟರ ಮಾಮ

ನನ್ನ ಮಾಮ ತನಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವವರಲ್ಲ. ಆದರೆ ಬಿರಿಯಾನಿಯ ಜ್ವರ ನೋಡದೆ ಊಟಕ್ಕೆ ಕೂತವರೂ ಅಲ್ಲ! ಬೇರೆಯವರ ಜೇಬಿನಲ್ಲಿ ಪೆನ್ನು ಇದ್ದರೆ ಇವರದ್ದರಲ್ಲಿ ಸೂಜಿಮೊನೆಯ ಥರ್ಮಾಮೀಟರು. ಪುತ್ತೂರಿನ ಯಾವ ಮದುವೆಗೆ ಹೋದರೂ ಮೊದಲು ಅದನ್ನು ಬಿರಿಯಾನಿಗೆ ಚುಚ್ಚಬೇಕು.

"ಕೈಯಲ್ಲಿ ಮುಟ್ಟಿ ನೋಡಿದ್ರೆ ಸಾಲದಾ ಮಾರಾಯ್ರೆ?" ಎಂದು ಬಿರಿಯಾನಿ ಮಾಡುವವರು ಒಮ್ಮೆ ರೇಗಿದ್ದರು.

"ಕೈ ಸುಳ್ಳು ಹೇಳ್ತದೆ. ಇದು ಹೇಳುದಿಲ್ಲ."

ಮಾಮನದು ಆಡಿನ ಬೋಟಿಯ ವ್ಯಾಪಾರ. ಕರುಳು, ಹೊಟ್ಟೆ, ಲಿವರ್ ಎಲ್ಲವನ್ನೂ ತೊಳೆದು, ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಕಲ್ಲಿನಂತೆ ಗಟ್ಟಿ ಮಾಡಿ ಗಲ್ಫಿಗೆ ಕಳಿಸುವುದು. ಪುತ್ತೂರಿನ ದರ್ಬೆಯಿಂದ ದುಬೈವರೆಗೆ ಅದು ಒಂದು ಸಲವೂ ಕರಗಬಾರದು. ಪಶುವೈದ್ಯರ ಸರ್ಟಿಫಿಕೇಟು, ಹಲಾಲ್ ಸರ್ಟಿಫಿಕೇಟು, ಲ್ಯಾಬಿನ ವರದಿ... ಒಂದರ ಸೀಲು ಮಸುಕಾದರೂ ಕಂಟೈನರು ಬಂದರಿನಲ್ಲೇ ಬಾಕಿ!

ಈ ಕಾಗದಪತ್ರಗಳನ್ನೆಲ್ಲ ನೋಡಿಕೊಳ್ಳುವವನು ನಾನು. ಹೇಳಿಕೊಳ್ಳಲು ಮಾತ್ರ ನಾಚಿಕೆ. ಸುಳ್ಯದಿಂದ ಹೆಣ್ಣಿನ ಕಡೆಯವರು ಬಂದಾಗ "ಸೀಫುಡ್ ಎಕ್ಸ್‌ಪೋರ್ಟು" ಎಂದುಬಿಟ್ಟೆ.

"ಸಿಗಡಿಯಾ?" ಎಂದರು ಹುಡುಗಿಯ ತಂದೆ.

"ಸಿಗಡಿ ಎಂತದ್ದು! ಬೋಟಿ, ಬೋಟಿ!" ಮಾಮ ಮುಂದಕ್ಕೆ ಸರಿದು ಕೂತರು. "ಕರುಳನ್ನು ಒಳಗಿನದ್ದು ಹೊರಗೆ ತಿರುಗಿಸಿ ಹೇಗೆ ತೊಳೆಯುದು ಗೊತ್ತುಂಟಾ?"

ತಟ್ಟೆಯಲ್ಲಿದ್ದ ಸಮೋಸವನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಅಷ್ಟಾದರೂ ಅವರು ಹೆಣ್ಣು ಕೊಟ್ಟರು, ನನ್ನ ಅದೃಷ್ಟ!

ಕೋಲ್ಡ್ ರೂಮಿನ ಬಾಗಿಲಿನ ಮೇಲೆ ಮಾಮ ಸ್ವತಃ ಬರೆದಿದ್ದರು: "ಇದು ನಿಮ್ಮ ಮನೆಯ ಫ್ರಿಜ್ಜಲ್ಲ." ನನ್ನ ಮದುವೆಗೆ ಐನೂರು ಕಪ್ ಐಸ್‌ಕ್ರೀಮ್ ಬಂದಾಗ ನಾನು ಅದನ್ನು ಓದಲೇ ಇಲ್ಲ ಎಂದುಕೊಳ್ಳಿ. ಹೊರಗೆ ಬಾಡಿಗೆ ಫ್ರೀಜರ್ ಯಾಕೆ, ನಮ್ಮದೇ ಉಂಟಲ್ಲ? ಕೀಲಿಕೈ ನೆಂಟರ ಕೈಗೆ ಹೋಯಿತು. ಒಬ್ಬರಾದ ಮೇಲೆ ಒಬ್ಬರು ಹೋಗಿ ಐಸ್‌ಕ್ರೀಮ್ ಪೆಟ್ಟಿಗೆ ತಂದರು. ಕೊನೆಗೆ ಹೋದವರು ಬಾಗಿಲು ಹಾಕಲಿಲ್ಲ. ಮಧ್ಯಾಹ್ನದ ಊಟದಿಂದ ಸಂಜೆಯ ಅಸರ್ ನಮಾಜಿನ ಬಾಂಗಿನವರೆಗೆ ಅದು ತೆರೆದೇ ಇತ್ತು.

ನಾನು ಹೋಗಿ ಬಾಗಿಲು ಹಾಕಿದೆ. ಮರುದಿನ ಗಟ್ಟಿಯಾಗಿಯೇ ಇದ್ದ ದುಬೈ ಆರ್ಡರಿನ ಬೋಟಿ ಪೆಟ್ಟಿಗೆಗಳನ್ನು ನೋಡಿ, ತಾಪಮಾನದ ಪುಸ್ತಕದಲ್ಲಿ ಗಂಟೆ ಗಂಟೆಗೂ "ಮೈನಸ್ ಹದಿನೆಂಟು" ಎಂದು ಬರೆದೆ. ನಾಚಿಕೆಗೇಡು! ಕೆಳಗೆ ಸಹಿಯನ್ನೂ ಹಾಕಿದೆ.

ಮಾಮ ಒಂದು ಪೆಟ್ಟಿಗೆ ಬಿಚ್ಚಿದರು. ತಳದಲ್ಲಿ ರಕ್ತದ ನೀರು ಕೆಂಪು ಹಲಗೆಯಂತೆ ಹೆಪ್ಪುಗಟ್ಟಿತ್ತು.

"ಇದು ಕರಗಿ ಮತ್ತೆ ಗಟ್ಟಿಯಾದದ್ದು."

"ಈಗ ಮೈನಸ್ ಹದಿನೆಂಟೇ ಉಂಟಲ್ಲ ಮಾಮ? ಪುಸ್ತಕವೂ ಸರಿ ಉಂಟು. ಅಲ್ಲಿ ಯಾರಿಗೆ ಗೊತ್ತಾಗ್ತದೆ?"

"ಹೊಟ್ಟೆಗೆ ಗೊತ್ತಾಗ್ತದೆ." ಅವರ ದನಿ ಏರಲಿಲ್ಲ. "ಬೋಟಿ ತಿನ್ನುದು ಶೇಖುಗಳಲ್ಲ ಮಗಾ, ಲೇಬರ್ ಕ್ಯಾಂಪಿನ ಕೂಲಿಗಳು. ನಾನೂ ಅಲ್ಲಿದ್ದವ. ಇಂಥದ್ದೇ ತಿಂದು ನನ್ನ ಪಕ್ಕದ ಮಂಚದವ ಮತ್ತೆ ಏಳಲಿಲ್ಲ."

ಇಷ್ಟು ವರ್ಷ ಆ ಥರ್ಮಾಮೀಟರನ್ನು ನೋಡಿ ನಕ್ಕಿದ್ದೆನಲ್ಲ! ಕೀಲಿಕೈ ಕೊಟ್ಟದ್ದು, ಬಾಗಿಲು ತೆರೆದೇ ಇದ್ದದ್ದು, ಪುಸ್ತಕದ ಸುಳ್ಳು ಎಲ್ಲವನ್ನೂ ಹೇಳಿಬಿಟ್ಟೆ.

ಎರಡು ವರ್ಷ ತಪಾಸಣೆಗಳನ್ನು ದಾಟಿ ಸಿಕ್ಕಿದ ಆರ್ಡರು ಅದು. ಮಾಮ ನನ್ನ ಎದುರೇ ದುಬೈಗೆ ಫೋನು ಮಾಡಿದರು. "ಮಾಲು ಕಳಿಸುದಿಲ್ಲ. ಬಾಗಿಲು ತೆರೆದಿಟ್ಟದ್ದು ನಾನೇ, ನನ್ನದೇ ತಪ್ಪು," ಎಂದರು. ಆಚೆಯವರು ಆರ್ಡರನ್ನೇ ರದ್ದು ಮಾಡಿದರು. ಎಲ್ಲವನ್ನೂ ಗುಂಡಿಗೆ ಹಾಕಿ, ಸುಣ್ಣ ಸುರಿದು ಮುಚ್ಚಿದೆವು. ನನ್ನ ಹೆಸರು ಅವರ ಬಾಯಿಂದ ಮನೆಯವರ ಮುಂದೆಯೂ ಬರಲಿಲ್ಲ.

ಗುಂಡಿಯ ಪಕ್ಕ ಹಾರೆ ಹಿಡಿದು ನಿಂತಿದ್ದೆ. "ಎಂತ, ಮುಖ ಕೆಂಪಾಗಿದೆ?" ಎಂದು ಮಾಮ ಹತ್ತಿರ ಬಂದರು. ಅಭ್ಯಾಸದಂತೆ ಜೇಬಿಗೆ ಕೈ ಹೋಯಿತು. ಥರ್ಮಾಮೀಟರು ಅಲ್ಲೇ ಇತ್ತು, ಆದರೆ ಅವರು ಅದನ್ನು ತೆಗೆಯಲಿಲ್ಲ. ಸುಣ್ಣ ಮೆತ್ತಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ನನ್ನ ಹಣೆಯ ಮೇಲಿಟ್ಟರು.

"ಜ್ವರ ಇಲ್ಲ," ಎಂದರು. ಕೈ ಮಾತ್ರ ತುಂಬ ಹೊತ್ತು ಅಲ್ಲೇ ಇತ್ತು.